ವಿಷವೂ ಜೀವವೂ ಒಂದೇ ಹೊಲದಲ್ಲಿ: ಅಣುಜೀವಿ ಗೊಬ್ಬರ ಮತ್ತು ಕೀಟನಾಶಕಗಳ ಇತಿಹಾಸ

ಹೊಸಪೇಟೆಯಿಂದ ಹಂಪೆಗೆ ಹೋಗುವ ಮಾರ್ಗದಲ್ಲಿ ಕಡ್ಡಿರಾಂಪುರವೆಂಬ ಗ್ರಾಮವಿದೆ. ಯಾತ್ರಿಕರು ಅದನ್ನು ಗಮನಿಸದೆ ವಿರೂಪಾಕ್ಷನ ಗೋಪುರದ ಕಡೆಗೆ ಸಾಗುತ್ತಾರೆ. ಇತಿಹಾಸಾಸಕ್ತರು ಊರ ಬಳಿಯಿರುವ ವಿಜಯನಗರ ಕಾಲದ ಮುಸಲ್ಮಾನ ಗೋರಿಗಳ ಕಟ್ಟಡಗಳನ್ನು ನೋಡಿ ಮುಂದುವರಿಯುತ್ತಾರೆ. ಆದರೆ ಈ ಪ್ರದೇಶದಲ್ಲಿ ಇಂದಿಗೂ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿರುವ ಸ್ಮಾರಕವೆಂದರೆ ಇಲ್ಲಿಯ ಕಾಲುವೆಗಳು. ತುಂಗಭದ್ರೆಗೆ ಅಣೆಗಳನ್ನು ಕಟ್ಟಿ ವಿಜಯನಗರದ ಅರಸರು ತೆಗೆಸಿದ ಆ ಕಾಲುವೆಗಳ ನೀರಿನಿಂದ ಹೊಸಪೇಟೆ, ಹಂಪೆ, ಕಂಪ್ಲಿಗಳ ಸುತ್ತ ಬಾಳೆ, ಕಬ್ಬು, ಭತ್ತಗಳು ಬೆಳೆಯುತ್ತ ಬಂದಿವೆ. ಐದು ಶತಮಾನಗಳಿಗೂ ಮಿಗಿಲಾಗಿ ಫಲ ಕೊಟ್ಟ ನೆಲವಿದು. ಇಷ್ಟು ಕಾಲ ಈ ನೆಲಕ್ಕೆ ಉಣಿಸಿದವರು ಯಾರು? ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಹಸಿರೆಲೆ, ಎಣ್ಣೆಯ ಹಿಂಡಿ ಎಂದು ಹಿರಿಯ ಒಕ್ಕಲಿಗರು ಹೇಳುತ್ತಾರೆ. ಹಿಂಡಿಯ ಮಾತು ಬಂದಾಗ ಕಮಲಾಪುರದ ಬಳಿಯ ಗಾಣಿಗಿತ್ತಿ ಬಸದಿ ನೆನಪಾಗುವುದು ಸಹಜ. ಎರಡನೆಯ ಹರಿಹರನ ದಂಡನಾಥನಾದ ಇರುಗನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯಕ್ಕೆ ಜನರ ಬಾಯಲ್ಲಿ ಉಳಿದ ಹೆಸರು ಎಣ್ಣೆ ತೆಗೆಯುವ ಹೆಂಗಸಿನದು. ಆದರೆ ಸಗಣಿಯಾಗಲಿ ಹಿಂಡಿಯಾಗಲಿ ತಾನಾಗಿಯೇ ಪೈರಿನ ಆಹಾರವಾಗುವುದಿಲ್ಲ. ಅದನ್ನು ಕೊಳೆಯಿಸಿ, ಕರಗಿಸಿ, ಬೇರಿಗೆ ಒಪ್ಪಿಸುವವು ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು.

ಈ ಜೀವಿಗಳಲ್ಲಿ ಕೆಲವನ್ನು ಇಂದು ಪ್ರಯೋಗಾಲಯದಲ್ಲಿ ಬೆಳೆಸಿ ಪೊಟ್ಟಣದಲ್ಲಿ ತುಂಬಿ ಮಾರಲಾಗುತ್ತದೆ. ಅದಕ್ಕೆ ಅಣುಜೀವಿ ಗೊಬ್ಬರ ಅಥವಾ ಜೈವಿಕ ಗೊಬ್ಬರ ಎಂದು ಹೆಸರು. ಅದೇ ಅಂಗಡಿಯಲ್ಲಿ, ಅನೇಕ ವೇಳೆ ಅದೇ ಕಪಾಟಿನಲ್ಲಿ, ಕೀಟನಾಶಕದ ಬಾಟಲಿಯೂ ಇರುತ್ತದೆ. ನಮ್ಮ ಕಡೆಯ ರೈತರು ಅದನ್ನು ಸರಳವಾಗಿ ‘ಎಣ್ಣೆ’ ಎನ್ನುತ್ತಾರೆ. ಒಂದೇ ಚೀಲದಲ್ಲಿ ಎರಡೂ ಹೊಲಕ್ಕೆ ಹೋಗುತ್ತವೆ. ಒಂದು ಕೊಲ್ಲಲೆಂದೇ ತಯಾರಾದ ವಸ್ತು, ಇನ್ನೊಂದು ಬದುಕಿದ್ದರೆ ಮಾತ್ರ ಬೆಲೆಯುಳ್ಳ ವಸ್ತು. ಇವೆರಡೂ ಒಟ್ಟಿಗೆ ಇರಬಲ್ಲವೇ ಎಂಬ ಪ್ರಶ್ನೆಗೆ ಇರಬಲ್ಲವೆಂದು ಕೆಲವರು, ಖಂಡಿತ ಇರಲಾರವೆಂದು ಕೆಲವರು ಒಂದೇ ಮಾತಿನಲ್ಲಿ ಉತ್ತರಿಸುತ್ತಾರೆ. ಇತಿಹಾಸವನ್ನು ಅವಲೋಕಿಸಿದರೆ ಎರಡೂ ಉತ್ತರಗಳು ಅವಸರದವು ಎಂದು ತಿಳಿಯುತ್ತದೆ. ಯಾವ ವಿಷ, ಯಾವ ಜೀವಿ, ಯಾವ ಕ್ರಮದಲ್ಲಿ, ಎಷ್ಟು ದಿನಗಳ ಅಂತರದಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ತಿಳಿವಳಿಕೆ ವಿಜ್ಞಾನಿಗಳಿಗೆ ದಶಕಗಳ ಹಿಂದೆಯೇ ಬಂದಿದೆ. ಅದು ನಿಂತುಹೋಗಿರುವುದು ಪ್ರಯೋಗಾಲಯಕ್ಕೂ ಅಂಗಡಿಯ ಕಟ್ಟೆಗೂ ನಡುವೆ.

ದ್ವಿದಳ ಧಾನ್ಯ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆಂಬುದನ್ನು ನಮ್ಮ ರೈತರು ಯಾರಿಂದಲೂ ಕಲಿಯಬೇಕಿರಲಿಲ್ಲ. ಜೋಳದ ಸಾಲುಗಳ ನಡುವೆ ತೊಗರಿ, ಹೆಸರು, ಅಲಸಂದಿಗಳ ಅಕ್ಕಡಿ ಹಾಕುವ ರೂಢಿ ಬಹು ಹಳೆಯದು. ಕನ್ನಡದಲ್ಲಿ ಸುಮಾರು 1025ರಲ್ಲಿ ರಚಿತವಾದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. (ಅದನ್ನು ಬರೆದವನು ಗೊಮ್ಮಟ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನಲ್ಲ, ಅವನ ನಂತರದ ಇನ್ನೊಬ್ಬ ಚಾವುಂಡರಾಯ. ಈ ಗೊಂದಲ ನಮ್ಮ ಸಭೆಗಳಲ್ಲಿ ಇನ್ನೂ ಕೇಳಿಬರುತ್ತಿರುವುದರಿಂದ ಹೇಳಬೇಕಾಯಿತು.) ಆದರೆ ದ್ವಿದಳ ಸಸ್ಯ ಹೀಗೇಕೆ ಮಾಡುತ್ತದೆ ಎಂಬುದರ ಕಾರಣ ಗೊತ್ತಾದದ್ದು 19ನೆಯ ಶತಮಾನದ ಕೊನೆಗೆ. ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬವರು 1886ರಲ್ಲಿ ಒಂದು ಸಂಗತಿಯನ್ನು ತಿಳಿಯಪಡಿಸಿದರು. ಬಟಾಣಿಯಂತಹ ಗಿಡಗಳ ಬೇರಿನ ಮೇಲಿರುವ ಸಣ್ಣ ಗಂಟುಗಳು ರೋಗದ ಗುರುತಲ್ಲ. ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು. ಇನ್ನೆಂಟು ವರ್ಷಗಳಲ್ಲಿ, 1896ರಲ್ಲಿ, ನೊಬ್ಬೆ ಮತ್ತು ಹಿಲ್ಟ್ನರ್ ಎಂಬವರು ಅದನ್ನು ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ವ್ಯಾಪಾರದ ಸರಕನ್ನಾಗಿ ಮಾಡಿಬಿಟ್ಟರು. ಜ್ಞಾನವು ಸರಕಾಗುವುದಕ್ಕೆ ಹತ್ತು ವರ್ಷ ಸಾಕಾಯಿತು!

ಭಾರತದಲ್ಲಿ ಈ ಕೆಲಸ ಬಿಹಾರದ ಪೂಸಾ ಸಂಸ್ಥೆಯ ಕಾಲದಲ್ಲಿ ಆರಂಭವಾಯಿತು. ಎನ್. ವಿ. ಜೋಶಿಯವರು 1920ರಲ್ಲಿ ನಮ್ಮ ದ್ವಿದಳ ಬೆಳೆಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳ ಅಧ್ಯಯನವನ್ನು ಪ್ರಕಟಿಸಿದರು. 1939ರಲ್ಲಿ ಪಿ. ಕೆ. ಡೇ ಅವರು ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹಬ್ಬುವ ನೀಲಿ-ಹಸಿರು ಪಾಚಿಯೂ ಸಾರಜನಕವನ್ನು ಹಿಡಿಯುತ್ತದೆಂದು ತೋರಿಸಿದರು. ಹೆಸರಿಗೆ ಪಾಚಿಯಾದರೂ ಇಂದಿನ ವರ್ಗೀಕರಣದಲ್ಲಿ ಅದೂ ಬ್ಯಾಕ್ಟೀರಿಯಾವೇ. ಆದರೂ ಪೊಟ್ಟಣದ ವ್ಯಾಪಾರ ಬೆಳೆದದ್ದು ಬಹಳ ನಂತರ, ಸೋಯಾ ಅವರೆ ನಮ್ಮ ದೇಶದಲ್ಲಿ ಹಬ್ಬಿದ ಮೇಲೆ. ಶೇಂಗಾ, ಹೆಸರು, ಅಲಸಂದಿಗಳಿಗೆ ಬೇಕಾದ ಬ್ಯಾಕ್ಟೀರಿಯಾ ನಮ್ಮ ನೆಲದಲ್ಲಿ ಮೊದಲಿನಿಂದಲೂ ಉಂಟು. ಪರದೇಶದಿಂದ ಬಂದ ಸೋಯಾ ಅವರೆಗೆ ಬೇಕಾದದ್ದು ಇರಲಿಲ್ಲ. ಬೀಜದೊಂದಿಗೆ ಅದರ ನಂಟನನ್ನೂ ತಂದು ಹೊಲದಲ್ಲಿ ಇಳಿಸಬೇಕಾಯಿತು. ಏಕದಳ ಬೆಳೆಗಳ ಬೇರಿನ ಸುತ್ತ ಬದುಕುವ ಅಝೋಸ್ಪಿರಿಲಮ್ ಎಂಬ ಜೀವಿಯ ಮಹತ್ವವನ್ನು 1970ರ ದಶಕದಲ್ಲಿ ಬ್ರೆಜಿಲ್‌ನ ಯೋಹಾನ್ನಾ ಡೊಬೆರೈನರ್ ಎಂಬ ವಿದುಷಿ ಎತ್ತಿ ತೋರಿದರು. 1988ರಲ್ಲಿ ಅವರ ತಂಡವೇ ಕಬ್ಬಿನ ಕಾಂಡದೊಳಗೆ ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಗುರುತಿಸಿತು. ನಮ್ಮ ದೇಶದಲ್ಲಿ ಜೈವಿಕ ಗೊಬ್ಬರಗಳ ರಾಷ್ಟ್ರೀಯ ಯೋಜನೆ ಗಾಜಿಯಾಬಾದಿನಲ್ಲಿ ಕೇಂದ್ರವನ್ನಿಟ್ಟುಕೊಂಡು 1983ರಲ್ಲಿ ಪ್ರಾರಂಭವಾಯಿತು. ಅದರ ಒಂದು ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿತ್ತು.

ವಿಷದ ಕಥೆ ಬೇರೊಂದು ದಾರಿಯಲ್ಲಿ ಬಂದಿತು. ಕರ್ನಾಟಕದಲ್ಲಿ ಅದನ್ನು ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯಿಂದ ಆರಂಭಿಸುವುದು ನ್ಯಾಯ. ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಮಾಡುತ್ತಿದ್ದ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ರೈತರಲ್ಲಿ ನೆಲೆಗೊಳಿಸಿದವರು ಅವರೇ. ಅದು ಶಿಲೀಂಧ್ರನಾಶಕ, ಕೀಟನಾಶಕವಲ್ಲ, ನಿಜ. ಆದರೂ ಬೆಳೆಯ ಮೇಲೆ ಔಷಧ ಸಿಂಪಡಿಸಬೇಕೆಂಬ ರೂಢಿ ನಮ್ಮಲ್ಲಿ ಊರೂರಿಗೆ ಹೋದದ್ದು ಹಾಗೆ. ವಿಶೇಷವೆಂದರೆ, ಇದೇ ಕೋಲ್ಮನ್ನರು ಭಾರತಕ್ಕೆ ಬರುವ ಮುನ್ನ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿದ್ದು ಮಣ್ಣಿನ ಬ್ಯಾಕ್ಟೀರಿಯಾಗಳನ್ನು: ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಜೀವಿಗಳ ಕುರಿತ ಅವರ ಪ್ರಬಂಧ 1908ರಲ್ಲಿ ಪ್ರಕಟವಾಯಿತು. ಮಣ್ಣಿನ ಜೀವ, ಸಿಂಪಡಣೆಯ ಔಷಧ ಎರಡನ್ನೂ ಬಲ್ಲ ಒಬ್ಬ ಮನುಷ್ಯ ಇಲಾಖೆಯ ಮೊದಲಲ್ಲೇ ಇದ್ದನೆಂಬುದು ಗಮನಾರ್ಹ. ಮುಂದಿನ ಪೀಳಿಗೆಗಳಲ್ಲಿ ಈ ಎರಡು ವಿದ್ಯೆಗಳು ಎರಡು ವಿಭಾಗಗಳಾಗಿ, ಎರಡು ಕೊಠಡಿಗಳಾಗಿ ಬೇರೆಯಾದವು.

ಬಳ್ಳಾರಿ ಸೀಮೆ ಆಗ ಮದರಾಸು ಆಧಿಪತ್ಯದಲ್ಲಿತ್ತು. ಸಂಡೂರು ಘೋರ್ಪಡೆ ಅರಸರ ಪುಟ್ಟ ಸಂಸ್ಥಾನವಾಗಿತ್ತು. 1953 ನಮ್ಮ ಭಾಗಕ್ಕೆ ಎರಡು ರೀತಿಯಲ್ಲಿ ಮಹತ್ವದ ವರ್ಷ. ಆ ವರ್ಷ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಿತು. ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನೀರು ಬಂದಲ್ಲಿ ಎರಡನೆಯ ಬೆಳೆ ಬಂದಿತು, ಎರಡನೆಯ ಬೆಳೆಯ ಹಿಂದೆ ಹುಳುವಿನ ಕಾಟ, ಅದರ ಹಿಂದೆ ಡಿಡಿಟಿ, ಬಿಎಚ್‌ಸಿ ಪುಡಿಗಳು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯೂಲರ್‌ಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆತಿತ್ತು. ಅಂತಹ ವಸ್ತುವನ್ನು ಸಂಶಯಿಸುವವರು ಯಾರು? ನಂತರ ಹರಳಿನ ರೂಪದ ಫೋರೇಟ್, ಕಾರ್ಬೊಫ್ಯುರಾನ್‌ಗಳೂ ದ್ರವರೂಪದ ಅನೇಕ ಔಷಧಗಳೂ ಬಂದವು. ಕೀಟನಾಶಕ ಕಾಯಿದೆ 1968ರಲ್ಲಿ ಆಯಿತು. ಆ ಕಾಯಿದೆ ಮನುಷ್ಯರ ಮತ್ತು ಪ್ರಾಣಿಗಳ ಅಪಾಯವನ್ನು ಮುಂದಿಟ್ಟುಕೊಂಡು ರಚಿತವಾದುದು. ಮಣ್ಣಿನ ಜೀವಿಯ ಪರವಾಗಿ ವಾದಿಸುವವರು ಆಗ ಯಾರಿದ್ದರು?

ಪರದೇಶದಲ್ಲಿ ಒಬ್ಬರಿದ್ದರು. ರೇಚೆಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥವನ್ನು ಹಕ್ಕಿಗಳ ಪುಸ್ತಕವೆಂದೇ ಬಹುಮಂದಿ ತಿಳಿದಿದ್ದಾರೆ. ಅದರಲ್ಲಿ ಮಣ್ಣಿನ ಕುರಿತು ಒಂದು ಅಧ್ಯಾಯವಿದೆ. ಬಿಎಚ್‌ಸಿ, ಆಲ್ಡ್ರಿನ್, ಲಿಂಡೇನ್, ಹೆಪ್ಟಾಕ್ಲೋರ್ ಮುಂತಾದವು ದ್ವಿದಳ ಸಸ್ಯಗಳ ಬೇರಿನಲ್ಲಿ ಗಂಟು ಕಟ್ಟುವುದನ್ನು ತಡೆದ ಪ್ರಯೋಗಗಳನ್ನು ಆಕೆ ಅಲ್ಲಿ ಉಲ್ಲೇಖಿಸಿದ್ದಾರೆ. ಅಂದರೆ ನಮ್ಮ ಊರುಗಳಲ್ಲಿ ಬಿಎಚ್‌ಸಿ ಪುಡಿಯ ಭರಾಟೆ ನಡೆದಿದ್ದಾಗಲೇ ಎಚ್ಚರಿಕೆಯ ಮಾತು ಅಚ್ಚಾಗಿತ್ತು. ಭಾರತದಲ್ಲಿ ಬಿಎಚ್‌ಸಿ ಸಂಪೂರ್ಣವಾಗಿ ನಿಷೇಧವಾದದ್ದು 1997ರಲ್ಲಿ.

ಆದರೆ ಕಾರ್ಸನ್‌ರ ನಂತರದ ಸಂಶೋಧನೆ ಹೋದ ದಾರಿ ನೇರವಾದುದಲ್ಲ, ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಸ್ವಾರಸ್ಯ ಇಲ್ಲಿಯೇ ಇದೆ. ಪರೀಕ್ಷೆಯ ವಿಧಾನ ಸರಳ. ಗಾಜಿನ ತಟ್ಟೆಯಲ್ಲಿ ಪಾಕ ಹಾಕಿ ಬ್ಯಾಕ್ಟೀರಿಯಾವನ್ನು ಹರಡುತ್ತಾರೆ. ಕೀಟನಾಶಕದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ವೃತ್ತ ಉಳಿದರೆ ವಿಷ ತಾಗಿದೆ ಎಂದರ್ಥ. ವೃತ್ತ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಹೀಗೆ ನಾನಾ ದೇಶಗಳಲ್ಲಿ ಪರೀಕ್ಷಿಸಿದಾಗ ಕಂಡ ಸಾಮಾನ್ಯ ಸಂಗತಿ ಇದು: ಬ್ಯಾಕ್ಟೀರಿಯಾಗಳಿಗೆ ಹೆಚ್ಚಿನ ಶತ್ರುಗಳು ಶಿಲೀಂಧ್ರನಾಶಕಗಳು, ಅದರಲ್ಲೂ ಹಿಂದೆ ಬಳಕೆಯಲ್ಲಿದ್ದ ಪಾದರಸದ ಸಂಯುಕ್ತಗಳು, ಥೈರಾಮ್, ಕ್ಯಾಪ್ಟಾನ್, ತಾಮ್ರದ ಲವಣಗಳು. ಕೀಟನಾಶಕಗಳ ಪೆಟ್ಟು ಶಿಫಾರಸಿನ ಪ್ರಮಾಣದಲ್ಲಿ ಸಾಮಾನ್ಯವಾಗಿ ಅಷ್ಟು ತೀವ್ರವಲ್ಲ. ಇದಕ್ಕೆ ಕಾರಣವೂ ಇದೆ. ಕ್ಲೋರ್‌ಪೈರಿಫಾಸ್, ಫೋರೇಟ್, ಕಾರ್ಬೊಫ್ಯುರಾನ್ ಮೊದಲಾದವು ಕೀಟದ ನರಮಂಡಲದ ಒಂದು ಕಿಣ್ವವನ್ನು ಹಿಡಿದು ಕೊಲ್ಲುತ್ತವೆ. ಬ್ಯಾಕ್ಟೀರಿಯಾಕ್ಕೆ ನರಗಳೇ ಇಲ್ಲ. ಆದ್ದರಿಂದ ವಿಷದ ಮುಖ್ಯ ಬಾಣ ಅದಕ್ಕೆ ತಾಗದು. ತಾಗುವುದು ಅತಿಯಾದ ಸಾಂದ್ರತೆ, ಮತ್ತು ವಿಷವನ್ನು ನೀರಿನಲ್ಲಿ ಬೆರೆಯುವಂತೆ ಮಾಡಲು ಸೇರಿಸಿದ ಸಾವಯವ ದ್ರಾವಕಗಳು. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಹೆಸರಿಗಿಂತ ಅದರೊಡನೆ ಬೆರೆತ ದ್ರಾವಕವೇ ಕೆಲವೊಮ್ಮೆ ಹೆಚ್ಚು ಕೊಲ್ಲುತ್ತದೆ.

ಗಾಜಿನ ತಟ್ಟೆಯೇ ಹೊಲವಲ್ಲ ಎಂಬುದನ್ನೂ ಸೇರಿಸಬೇಕು. ಮಣ್ಣಿನಲ್ಲಿರುವ ಜೇಡಿಯೂ ಸಾವಯವ ಅಂಶವೂ ವಿಷವನ್ನು ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಕಂಡ ಎರೆಭೂಮಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಸಿಗುವ ಆಶ್ರಯ ಸಂಡೂರಿನ ಕಡೆಯ ತೆಳು ಕೆಂಪು ಮಸಾರಿಯಲ್ಲಿ ಸಿಗಲಾರದು.

ಭತ್ತದ ಗದ್ದೆಯಲ್ಲಂತೂ ಎಲ್ಲವೂ ತಲೆಕೆಳಗಾಯಿತು. 1967ರಲ್ಲಿ ರಘು ಮತ್ತು ಮ್ಯಾಕ್‌ರೇ ಎಂಬ ವಿಜ್ಞಾನಿಗಳು ನೀರು ನಿಂತ ಗದ್ದೆಯ ಮಣ್ಣಿಗೆ ಲಿಂಡೇನ್ ಹಾಕಿದಾಗ ಪಾಚಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಪಾಚಿಯನ್ನು ಮೇಯುತ್ತಿದ್ದ ಸಣ್ಣ ಜಲಜಂತುಗಳು ವಿಷಕ್ಕೆ ಸತ್ತುಹೋಗಿದ್ದವು. ಮೇಯುವವರಿಲ್ಲದೆ ಪಾಚಿ ಹಬ್ಬಿತು. ಇದನ್ನು ಲಾಭವೆನ್ನಬೇಕೆ? ಸಾರಜನಕದ ಲೆಕ್ಕವನ್ನು ಮಾತ್ರ ಬರೆಯುವವನು ಜಮೆಯ ಕಡೆಗೆ ಬರೆಯುತ್ತಾನೆ. ಸತ್ತ ಜಂತುಗಳಿಗೆ ಅವನ ಖಾತೆಯಲ್ಲಿ ಪುಟವಿಲ್ಲ. ಇನ್ನೂ ಆಶ್ಚರ್ಯದ ಸಂಗತಿ 1973ರದು. ಭಾರತದ ವಿಜ್ಞಾನಿ ಎನ್. ಸೇತುನಾಥನ್ ಅವರು ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಯೋಶಿದಾ ಅವರೊಡನೆ ಕೆಲಸಮಾಡುತ್ತಿದ್ದಾಗ, ಗದ್ದೆಯಿಂದ ಫ್ಲೇವೊಬ್ಯಾಕ್ಟೀರಿಯಮ್ ಎಂಬ ಜೀವಿಯನ್ನು ಬೇರ್ಪಡಿಸಿದರು. ಅದು ಡಯಾಜಿನಾನ್, ಪ್ಯಾರಾಥಯಾನ್ ಎಂಬ ಘೋರ ವಿಷಗಳನ್ನು ಒಡೆದುಹಾಕಬಲ್ಲದಾಗಿತ್ತು. ಒಂದೇ ವಿಷವನ್ನು ಮತ್ತೆ ಮತ್ತೆ ಹಾಕಿದ ಹೊಲದಲ್ಲಿ ಅದನ್ನು ಜೀರ್ಣಿಸಿಕೊಳ್ಳುವ ಜೀವಿಗಳೇ ಪ್ರಬಲವಾಗುತ್ತವೆ. ಕಾರ್ಬೊಫ್ಯುರಾನ್ ಹರಳು ಮೊದಲಿನಂತೆ ಕೆಲಸ ಮಾಡುತ್ತಿಲ್ಲವೆಂಬ ದೂರಿಗೆ ಕೆಲವೆಡೆ ಇದೂ ಒಂದು ಕಾರಣ.

ಇದನ್ನು ಓದಿ, ಹಾಗಾದರೆ ಮಣ್ಣು ಎಲ್ಲವನ್ನೂ ಶುದ್ಧಿಮಾಡಿಕೊಳ್ಳುತ್ತದೆ, ಚಿಂತೆಯಿಲ್ಲ ಎಂದು ಯಾರೂ ಸಮಾಧಾನಪಡಬಾರದು. ಎಂಡೋಸಲ್ಫಾನ್ ಇದಕ್ಕೆ ಉತ್ತರ. ಕಾಸರಗೋಡಿನ ಎಣ್ಮಕಜೆ, ಪಡ್ರೆಗಳ ಕನ್ನಡಿಗರು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ಔಷಧದ ಫಲವನ್ನು 2000ದವರೆಗೂ, ಆಮೇಲೂ ಅನುಭವಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಕಥೆಯೂ ಅದೇ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆಯಿತು. ಈ ದುರಂತದ ಮಾನವೀಯ ಮುಖ ಎಲ್ಲರಿಗೂ ಗೊತ್ತಿದೆ. ಮಣ್ಣಿನೊಳಗೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನನ್ನು ಪರಿವರ್ತಿಸಿದವು, ಆದರೆ ಎಂಡೋಸಲ್ಫಾನ್ ಸಲ್ಫೇಟ್ ಆಗಿ. ಅದು ಮೂಲ ವಿಷದಷ್ಟೇ ಕ್ರೂರ, ಅದಕ್ಕಿಂತ ದೀರ್ಘಾಯು.

2007ರಲ್ಲಿ ಅಮೆರಿಕದ ಜೆನಿಫರ್ ಫಾಕ್ಸ್ ಮತ್ತು ಸಂಗಡಿಗರು ಇನ್ನೊಂದು ಬಗೆಯ ಹಾನಿಯನ್ನು ಹೊರಗೆಡಹಿದರು. ದ್ವಿದಳ ಸಸ್ಯದ ಬೇರು ಒಂದು ರಾಸಾಯನಿಕ ಸಂಕೇತವನ್ನು ಹೊರಸೂಸಿ ಬ್ಯಾಕ್ಟೀರಿಯಾವನ್ನು ಕರೆಯುತ್ತದೆ. ಅದನ್ನು ಗ್ರಹಿಸಿದ ಮೇಲೆಯೇ ಬ್ಯಾಕ್ಟೀರಿಯಾ ಬೇರನ್ನು ಹೊಕ್ಕು ಗಂಟು ಕಟ್ಟುವುದು. ಡಿಡಿಟಿ, ಮೀಥೈಲ್ ಪ್ಯಾರಾಥಯಾನ್ ಮುಂತಾದ ವಸ್ತುಗಳು ಈ ಕರೆಯನ್ನೇ ಕೆಡಿಸುತ್ತವೆ ಎಂದು ಅವರು ಲೂಸರ್ನ್ ಮೇವಿನ ಬೆಳೆಯಲ್ಲಿ ತೋರಿಸಿದರು. ಬ್ಯಾಕ್ಟೀರಿಯಾ ಸಾಯುವುದಿಲ್ಲ. ತಟ್ಟೆಯ ಪರೀಕ್ಷೆಯಲ್ಲಿ ತಿಳಿಯಾದ ವೃತ್ತವೂ ಕಾಣಿಸದೆ ಇರಬಹುದು. ಆದರೂ ಗಂಟು ಕಡಿಮೆ, ಇಳುವರಿ ಕಡಿಮೆ. ಸಾವನ್ನು ಮಾತ್ರ ಎಣಿಸುವ ಪರೀಕ್ಷೆಗೆ ಈ ಹಾನಿ ಸಿಕ್ಕುವುದಿಲ್ಲ.

ಹೊಲದಲ್ಲಿ ಮುಖ್ಯವಾಗಿ ಘರ್ಷಣೆ ನಡೆಯುವ ಸ್ಥಳ ಬೀಜದ ಸಿಪ್ಪೆ. ಅಲ್ಲಿ ವಿಷವೂ ಜೀವಿಯೂ ಕೂದಲೆಳೆಯಷ್ಟು ಅಂತರವೂ ಇಲ್ಲದೆ ಒಂದರ ಮೇಲೊಂದು ಕೂಡುತ್ತವೆ. ವಾಣಿಜ್ಯ ಓದಿದವನಿಗೆ ಲೆಕ್ಕ ಮಾಡದೆ ಇರಲಾಗದು. 2006ರಲ್ಲಿ ಕೇಂದ್ರ ಸರಕಾರವು 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಜೈವಿಕ ಗೊಬ್ಬರಗಳನ್ನೂ ಸೇರಿಸಿತು. ಅದರಂತೆ ಪುಡಿರೂಪದ ಗೊಬ್ಬರದ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಕಣಗಳಿರಬೇಕು. 200 ಗ್ರಾಮಿನ ಪೊಟ್ಟಣದಲ್ಲಿ 1000 ಕೋಟಿ ಆಯಿತು. ಇದನ್ನು ಬೆಲ್ಲದ ಅಂಟು ದ್ರಾವಣದಲ್ಲಿ ಕಲಸಿ 10 ಕಿಲೋ ಬೀಜಕ್ಕೆ ಲೇಪಿಸುವುದು ವಾಡಿಕೆ. 100 ಶೇಂಗಾ ಬೀಜ 40 ಗ್ರಾಂ ತೂಗಿದರೆ 10 ಕಿಲೋದಲ್ಲಿ 25,000 ಬೀಜಗಳು. ಒಂದು ಬೀಜದ ಪಾಲಿಗೆ 4 ಲಕ್ಷ ಕಣಗಳು. ದಪ್ಪ ಬೀಜಕ್ಕೆ 1 ಲಕ್ಷವಾದರೂ ಇರಬೇಕೆಂಬುದು ಕೆಲವು ದೇಶಗಳ ನಿಯಮ. ಆದ್ದರಿಂದ ಕಾಗದದ ಮೇಲೆ ಬೇಕಾದಷ್ಟು ಮಿಗತೆಯಿದೆ. ಈಗ ಗೊಣ್ಣೆ ಹುಳುವಿನ ಭಯದಿಂದ ಅದೇ ಬೀಜಕ್ಕೆ ಕ್ಲೋರ್‌ಪೈರಿಫಾಸ್ ಹಚ್ಚಿ, ಅದು ಆರುವ ಮುನ್ನವೇ ಬ್ಯಾಕ್ಟೀರಿಯಾ ಬೆರೆಸಿ, ನೆತ್ತಿಯ ಮೇಲಿನ ಬಿಸಿಲಲ್ಲಿ ಬಿತ್ತಿದರೆಂದುಕೊಳ್ಳೋಣ. 100ಕ್ಕೆ 90 ಕಣಗಳು ಸತ್ತರೆ ಉಳಿದದ್ದು 40,000. 99 ಸತ್ತರೆ 4,000. ರೈತನ ಕಣ್ಣಿಗೆ ಮಾತ್ರ ಬೀಜ ಮೊದಲಿನಂತೆಯೇ ಕಪ್ಪು ಲೇಪ ಹೊದ್ದು ಕೂತಿರುತ್ತದೆ.

ಇದಕ್ಕೆ ಪರಿಹಾರವೂ ಹಳೆಯದೇ. ಕೃಷಿ ವಿಶ್ವವಿದ್ಯಾಲಯಗಳೂ ಇಲಾಖೆಗಳೂ ಬೀಜೋಪಚಾರಕ್ಕೆ ಒಂದು ಕ್ರಮವನ್ನು ಹೇಳುತ್ತ ಬಂದಿವೆ. ಮೊದಲು ಶಿಲೀಂಧ್ರನಾಶಕ, ಅದು ಆರಿದ ಮೇಲೆ ಕೀಟನಾಶಕ, ಅದೂ ಆರಿದ ಮೇಲೆ, ಬಿತ್ತುವುದಕ್ಕೆ ಸ್ವಲ್ಪ ಮುಂಚೆ, ನೆರಳಿನಲ್ಲಿ, ರೈಜೋಬಿಯಮ್. ಮೂರರ ಇಂಗ್ಲಿಷ್ ಮೊದಲಕ್ಷರ ಕೂಡಿಸಿ ಎಫ್-ಐ-ಆರ್ ಎನ್ನುತ್ತಾರೆ. ಪೊಲೀಸ್ ಠಾಣೆಯನ್ನು ನೆನಪಿಸುವ ಈ ಹೆಸರು ನೆನಪಿಡಲಿಕ್ಕಂತೂ ಸುಲಭ. ವಿಷ ಹಚ್ಚಿದ ಬೀಜಕ್ಕೆ ಬ್ಯಾಕ್ಟೀರಿಯಾದ ಪ್ರಮಾಣವನ್ನು ಹೆಚ್ಚಿಸಬೇಕೆಂಬುದು ಇದಕ್ಕೆ ಸೇರಿದ ಇನ್ನೊಂದು ಮಾತು. ಕ್ರಮ ತಿರುಗಿದರೆ, ಅಂದರೆ ಬ್ಯಾಕ್ಟೀರಿಯಾ ಹಚ್ಚಿದ ಬೀಜದ ಮೇಲೆ ವಿಷ ಸುರಿದರೆ, ಮೊದಲು ಮಾಡಿದ ಕೆಲಸವೆಲ್ಲ ವ್ಯರ್ಥ. ಮೂರನ್ನೂ ಒಂದೇ ಬುಟ್ಟಿಯಲ್ಲಿ ಒಟ್ಟಿಗೆ ಕಲಸುವುದೂ ಅದೇ. ಬಿತ್ತನೆಯ ಹದ ಎರಡೇ ದಿನ ನಿಲ್ಲುವ ಮಸಾರಿ ಭೂಮಿಯಲ್ಲಿ, ಕೂಲಿಯಾಳು ಕಾದು ನಿಂತಿರುವಾಗ, ಮೂರು ಬಾರಿ ಹಚ್ಚಿ ಮೂರು ಬಾರಿ ಆರಿಸುವ ತಾಳ್ಮೆ ಎಷ್ಟು ಜನರಿಗಿದ್ದೀತು? ಪಾಠ ಬರೆದವರು ಈ ಅವಸರವನ್ನು ಅಷ್ಟಾಗಿ ಯೋಚಿಸಿದಂತಿಲ್ಲ.

ಬಾಳೆ, ಕಬ್ಬುಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬೀಜದ ಬದಲು ಗುಣಿ, ಸಾಲು. ಬಾಳೆಯ ಗೆಡ್ಡೆಗೆ ಮೂತಿಹುಳು, ಬೇರಿಗೆ ಜಂತುಹುಳು ಬೀಳದಿರಲೆಂದು ನೆಡುವಾಗಲೇ ಗುಣಿಗೆ ಹರಳು ಹಾಕುವುದು ದಶಕಗಳ ಅಭ್ಯಾಸ. ಅದೇ ಗುಣಿಗೆ ಅಂದೇ ಅಝೋಸ್ಪಿರಿಲಮ್ ಹಾಕಿದರೆ ಅದು ಹರಳಿನ ಪಕ್ಕದಲ್ಲೇ ಬೀಳುತ್ತದೆ. ಇಲ್ಲಿ ಕಾಲದ ಅಂತರ ಕೊಡುವುದು ಕಷ್ಟವಲ್ಲ: ಹರಳು ನೆಡುವಾಗ, ಜೀವಿ ಕೆಲವು ವಾರಗಳ ನಂತರ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ, ಬುಡದಿಂದ ಸ್ವಲ್ಪ ದೂರಕ್ಕೆ. ಗೊಬ್ಬರ ಆ ಜೀವಿಗಳಿಗೆ ಊಟವೂ ಹೌದು, ವಿಷಕ್ಕೆ ಮರೆಯೂ ಹೌದು. ಹಂಪೆ-ಕಡ್ಡಿರಾಂಪುರಗಳ ಕಾಲುವೆ ಬಯಲಿನಂತಹ ನೀರಾವರಿ ನೆಲದಲ್ಲಿ ಇದನ್ನು ಪಾಲಿಸಲು ಅಡ್ಡಿ ಬರುವುದು ಮರೆವೊಂದೇ.

ಇಷ್ಟರಮೇಲೆ, ಪೊಟ್ಟಣದಲ್ಲಿರುವುದು ಹೊಲ ತಲುಪುವ ಮೊದಲೇ ಸತ್ತಿರಬಹುದೆಂಬುದನ್ನು ವ್ಯಾಪಾರಿಗಳಾದ ನಾವು ಒಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ಬಳ್ಳಾರಿ ಸೀಮೆಯ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಗೋದಾಮಿನಲ್ಲಿ ಅದಕ್ಕೂ ಮೇಲೆ. ಲಿಗ್ನೈಟ್ ಪುಡಿಯಲ್ಲಿ ತುಂಬಿದ ಜೀವಿಗಳಿಗೆ ಆ ಶಾಖ ಸಹಿಸದು. ಪುಡಿರೂಪದ ಗೊಬ್ಬರದ ಆಯುಷ್ಯ ಸಾಮಾನ್ಯವಾಗಿ 6 ತಿಂಗಳು. ಮುಂಗಾರು ತಡವಾಗಿ ಸರಕು ಉಳಿದುಹೋದರೆ ಅಂಗಡಿಯವನಿಗೆ ಅದು ಸತ್ತಿತೆಂದು ಕಾಣುವುದಿಲ್ಲ. ಹುಳಿತ ವಾಸನೆಯಿಲ್ಲ, ಬಣ್ಣ ಬದಲಾಗುವುದಿಲ್ಲ. ಅಕ್ಕಿಗೆ ಹುಳು ಬಿದ್ದರೆ ಕಾಣುತ್ತದೆ, ಇದು ಕಾಣದು. ಅಂತಹ ಪೊಟ್ಟಣವನ್ನು ಕೊಂಡ ರೈತ ಫಲ ಕಾಣದೆ, ಈ ಬ್ಯಾಕ್ಟೀರಿಯಾ ಎಂಬುದೇ ಸುಳ್ಳು ಎಂದು ನಿರ್ಧರಿಸಿ ಯೂರಿಯಾದ ಇನ್ನೊಂದು ಚೀಲ ಕೊಳ್ಳುತ್ತಾನೆ. ನಮ್ಮ ಸೀಮೆಯಲ್ಲಿ ಅಣುಜೀವಿ ಗೊಬ್ಬರದ ಮೇಲಿನ ಅಪನಂಬಿಕೆಯ ಬೇರು ಬಹುಮಟ್ಟಿಗೆ ಇಲ್ಲಿದೆ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ ಒಂದು. ನಿಜವಾದ ಸರಕಿನಂತೆ ಕಾಣುವ ಬೇರೊಂದನ್ನು ಕೊಡುವುದೇ ಅದರರ್ಥ. ಹಾಲಿಗೆ ನೀರು, ತುಪ್ಪಕ್ಕೆ ಕೊಬ್ಬು ಎಂದು ಉದಾಹರಿಸುವುದು ವಾಡಿಕೆ. ಜೀವವಿಲ್ಲದ ಜೀವಿಗೊಬ್ಬರಕ್ಕಿಂತ ಸ್ಪಷ್ಟವಾದ ಪ್ರತಿರೂಪಕ ಇನ್ನಾವುದು? ಅರಿಯದೆ ಮಾರಿದವನಿಗೆ ಈ ದೋಷ ತಗಲುವುದೇ ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ತಿಳಿಯಲು ಸಾಧನವಿದ್ದೂ ವಿಚಾರಿಸದವನ ವಿಷಯದಲ್ಲಿ ಚರ್ಚೆಗೆ ಹೆಚ್ಚು ಅವಕಾಶವಿಲ್ಲವೆಂದು ನನ್ನ ಅಭಿಪ್ರಾಯ. ವಿಷದ ವ್ಯಾಪಾರದ ಮಾತು ಬೇರೆ. ವಿಷವನ್ನು ಕೊಡುವುದು ಅನರ್ಥದಂಡದಲ್ಲಿ ಹಿಂಸಾದಾನವೆಂದು ಶ್ರಾವಕಾಚಾರಗಳು ಎಣಿಸುತ್ತವೆ, ನಮ್ಮಲ್ಲಿ ಅನೇಕ ಮನೆತನಗಳು ಆ ಕಾರಣದಿಂದಲೇ ಕೀಟನಾಶಕದ ಏಜೆನ್ಸಿಯನ್ನು ಮುಟ್ಟಿಲ್ಲ. ಕೃಷಿಯನ್ನೂ ವಾಣಿಜ್ಯವನ್ನೂ ಷಟ್ಕರ್ಮಗಳಲ್ಲಿ ಸೇರಿಸಿದ ಆದಿ ತೀರ್ಥಂಕರರ ಪರಂಪರೆ ರೈತನ ಆರಂಭೀ ಹಿಂಸೆಯನ್ನು ಅನಿವಾರ್ಯವೆಂದು ಒಪ್ಪುತ್ತದೆ, ಅಲ್ಪವಾಗಿರಲೆಂದು ಬಯಸುತ್ತದೆ. ಇಂದಿನ ಬ್ಯಾಕ್ಟೀರಿಯಾವೇ ನಮ್ಮ ಶಾಸ್ತ್ರದ ನಿಗೋದ ಜೀವವೆಂದು ಸಮೀಕರಿಸುವ ಉತ್ಸಾಹ ಕೆಲವು ಲೇಖಕರಲ್ಲಿದೆ; ನನಗೆ ಅದು ಒಪ್ಪಿಗೆಯಿಲ್ಲ. ಎರಡು ಬೇರೆ ವಿದ್ಯೆಗಳ ಪದಗಳನ್ನು ಹಾಗೆ ಬೆಸೆದರೆ ಎರಡಕ್ಕೂ ಅನ್ಯಾಯ. ಮಣ್ಣಿನ ಏಕೇಂದ್ರಿಯ ಜೀವದ ವಿಷಯದಲ್ಲಿ ಎಚ್ಚರವಿರಲಿ ಎಂಬ ಮಾತಿಗೆ ಆ ಸಮೀಕರಣದ ಆಧಾರ ಬೇಕಾಗಿಲ್ಲ.

ಪೊಟ್ಟಣದ ಮೇಲೆ ‘ರಾಸಾಯನಿಕಗಳೊಡನೆ ಬೆರೆಸಬೇಡಿ’ ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಯಾವ ರಾಸಾಯನಿಕ, ಎಷ್ಟು ದಿನ ಎಂಬುದಿರುವುದಿಲ್ಲ. ಹಾಗೆ ಬರೆಯುವುದು ಸುಲಭವೂ ಅಲ್ಲ, ಏಕೆಂದರೆ ವಿಷಗಳ ಪಟ್ಟಿ ಸ್ಥಿರವಾಗಿಲ್ಲ. ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಅದಕ್ಕಾಗಿ ಮಾಡಿದ ಪರೀಕ್ಷೆಗಳ ಫಲಿತಾಂಶ ಈಗ ಇತಿಹಾಸಕ್ಕೆ ಸೇರಿತು. ಅದರ ಸ್ಥಾನಕ್ಕೆ ಹೊಸ ವಿಷಗಳು ಬಂದಿವೆ. ಇಮಿಡಾಕ್ಲೋಪ್ರಿಡ್ ಬಗೆಯವು ಶಿಫಾರಸಿನ ಪ್ರಮಾಣದಲ್ಲಿ ರೈಜೋಬಿಯಮ್‌ಗೆ ಹೆಚ್ಚು ತೊಂದರೆ ಕೊಡಲಿಲ್ಲವೆಂದು ಅನೇಕ ಪರೀಕ್ಷೆಗಳು ಹೇಳುತ್ತವೆ. ಆದರೆ ಒಂದು ತಳಿಯ ಬ್ಯಾಕ್ಟೀರಿಯಾಕ್ಕೆ ನಿಜವಾದದ್ದು ಇನ್ನೊಂದು ತಳಿಗೆ ನಿಜವಾಗಬೇಕೆಂದಿಲ್ಲ. ಒಂದು ವರ್ಷ ಬಾಳುವ ದ್ರವರೂಪದ ಅಣುಜೀವಿ ಗೊಬ್ಬರಗಳು ಬಂದಿರುವುದು ಗೋದಾಮಿನ ತೊಂದರೆಯನ್ನು ಸ್ವಲ್ಪ ತಗ್ಗಿಸಿದೆ. ಅದರ ಜೊತೆಗೆ ಹೊಸ ತೊಡಕೂ ಬಂದಿದೆ: ಔಷಧದ ಅದೇ ಪಂಪಿನಲ್ಲಿ, ತೊಳೆಯದೆ, ಅದನ್ನೂ ಹೊಡೆಯುವ ಆಸೆ.

ಇನ್ನೊಂದು ಬದಲಾವಣೆ ಬೀಜದ ಚೀಲದಲ್ಲಿಯೇ ಬಂದಿದೆ. ಮೆಕ್ಕೆಜೋಳ, ಹತ್ತಿಗಳ ಬೀಜ ಈಗ ಕೆಂಪು, ನೀಲಿ ಬಣ್ಣ ಬಳಿದುಕೊಂಡು, ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಕಾರ್ಖಾನೆಯಲ್ಲಿಯೇ ಹಚ್ಚಿಸಿಕೊಂಡು ಬರುತ್ತದೆ. ಎಫ್-ಐ-ಆರ್ ಕ್ರಮದ ಮೊದಲ ಮೆಟ್ಟಿಲುಗಳು ಆಗಲೇ ಮುಗಿದಿರುತ್ತವೆ; ಅವುಗಳ ಪ್ರಮಾಣವೂ ಅವಧಿಯೂ ರೈತನ ಕೈಯಲ್ಲಿಲ್ಲ. ಅಂತಹ ಬೀಜಕ್ಕೆ ಅಝೋಸ್ಪಿರಿಲಮ್ ಲೇಪಿಸುವುದಕ್ಕಿಂತ, ಅದನ್ನು ಕಳಿತ ಗೊಬ್ಬರದಲ್ಲಿ ಕಲಸಿ, ಗೋಣಿತಾಟು ಹೊದಿಸಿ ನೆರಳಿನಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಬೀಜ ಬಿದ್ದ ಸಾಲಿನ ಪಕ್ಕಕ್ಕೆ ಹಾಕುವುದೇ ಉಳಿದಿರುವ ಮಾರ್ಗ. ಆ ಬಣ್ಣ ಯಾವ ವಿಷದ್ದೆಂಬುದನ್ನು ಚೀಲಕ್ಕೆ ಹೊಲಿದ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ, ಬಹುತೇಕ ಇಂಗ್ಲಿಷಿನಲ್ಲಿ.